ಶಿರಕಾವಾ-ಗೋದಲ್ಲಿ ಒಂದು ರಾತ್ರಿ: ರೇಟು ರೂಮಿಗಲ್ಲ, ತಲೆಗೆ!

ಬಸ್ಸಿನಿಂದ ಇಳಿದದ್ದು, ಬ್ಯಾಗ್ ಎಳೆದದ್ದು ಎಲ್ಲ ಈ ವಿಡಿಯೋದಲ್ಲೇ ಕಾಣಿಸ್ತಾ ಇದೆ, ಅದನ್ನು ಬಿಡಿ. ಇದು ಜಪಾನಿನ ಗಿಫು ಪ್ರಾಂತ್ಯದ ಶಿರಕಾವಾ-ಗೋ ಪ್ರದೇಶ. ನಾವು ಬಂದ ಊರಿನ ಹೆಸರು ಒಗಿಮಾಚಿ. ಸುತ್ತಲೂ ಬೆಟ್ಟ, ನಡುವೆ ಈ ಹುಲ್ಲುಮಾಡಿನ ಮನೆಗಳು. 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು, ಹಗಲೆಲ್ಲ ಜಾತ್ರೆ. ಸಂಜೆಯ ಬಸ್ಸುಗಳು ಹೊರಟ ಮೇಲೆ ರಸ್ತೆಯಲ್ಲಿ ನಾಯಿಯೂ ಇಲ್ಲ.

ನಾವು ಉಳಿದದ್ದು ಮಿನ್ಶುಕುವಿನಲ್ಲಿ, ಅಂದರೆ ಮನೆಯವರೇ ನಡೆಸುವ ಪುಟ್ಟ ವಸತಿಗೃಹದಲ್ಲಿ. ಅಡುಗೆ ಅಜ್ಜಿಯದು, ಲೆಕ್ಕ ಮಗನದು. ಲೆಕ್ಕ ಅಂದೆನಲ್ಲ, ಅದನ್ನೇ ಮೊದಲು ಹೇಳಿಬಿಡ್ತೀನಿ. ಇಲ್ಲಿ ರೇಟು ರೂಮಿಗಲ್ಲ, ತಲೆಗೆ. ನಾನು, ಅಕ್ಕ ಇಬ್ಬರು. ಆದ್ದರಿಂದ ಎರಡರಷ್ಟು ಯೆನ್. ಅದೇ ರೂಮು, ಅದೇ ಚಾಪೆ, ಅದೇ ಒಂದು ದೀಪ! ಒಂದು ರೂಮ್ ಹಿಡಿದು ಮೂಲೆಮೂಲೆಯಲ್ಲಿ ಮಲಗಿ ಮದುವೆ ಮುಗಿಸಿ ಬರುವ ಜನ ನಾವು, ನಮಗೆ ಈ ಲೆಕ್ಕ ಹೇಗೆ ಒಗ್ಗುತ್ತೆ ಹೇಳಿ? ರೂಮಿಗೆ ಬಾತ್‌ರೂಮ್ ಕೂಡ ಇಲ್ಲ. ಸ್ನಾನದ ಮನೆ ಎಲ್ಲರಿಗೂ ಒಂದೇ, ಸರದಿ ಪ್ರಕಾರ ಹೋಗಬೇಕು. ಹೊರಗೆ ಮೈ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು, ಆ ಬಿಸಿನೀರು ಮುಂದಿನವರಿಗೂ ಅದೇ. ಅಕ್ಕನ ಮುಖ ನೋಡಿ, ಇನ್ನೂ ಕೂಡಿಸ್ತಾನೇ ಇದ್ದಾಳೆ.

ಮಾಡು ನೋಡಿದಿರಾ? ಹೆಚ್ಚುಕಡಿಮೆ ಅರವತ್ತು ಡಿಗ್ರಿ ಇಳಿಜಾರು, ಇಲ್ಲಿ ಬೀಳುವ ಹಿಮಕ್ಕೆ ಅಷ್ಟು ಬೇಕು. ಮಾಡಿನ ತೊಲೆಗಳಿಗೆ ಮೊಳೆ ಹೊಡೆದಿಲ್ಲ, ಹಗ್ಗದಲ್ಲೇ ಬಿಗಿದಿದ್ದಾರೆ. ಮೇಲಿನ ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಕೆಳಗಿನ ಒಲೆಯ ಹೊಗೆ ಮೇಲಕ್ಕೇರಿ ಹುಲ್ಲಿಗೆ ಹುಳ ಹತ್ತದ ಹಾಗೆ ಕಾಯುತ್ತದೆ. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಹುಲ್ಲು ಬದಲಿಸುವಾಗ ಊರೇ ಮಾಡು ಹತ್ತುತ್ತದೆ. ಬೆಂಕಿ ಅಂದರೆ ಇವರಿಗೆ ಜೀವಭಯ. ಹಾದಿಯುದ್ದಕ್ಕೂ ನೀರು ಚಿಮ್ಮಿಸುವ ಕೊಳವೆಗಳಿವೆ, ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಬಿಟ್ಟು ನೋಡ್ತಾರೆ.

ಅಯ್ಯೋ, ಊಟದ ಶಾಟ್ ಬಂತು. ಒಣಗಿದ ದೊಡ್ಡ ಎಲೆ, ಅದರ ಮೇಲೆ ಮಿಸೋ ಅನ್ನುವ ಹುದುಗಿಸಿದ ಸೋಯಾ ಗೊಜ್ಜು, ಅಣಬೆ, ಈರುಳ್ಳಿ ಸೊಪ್ಪು, ಕೆಳಗೆ ಪುಟ್ಟ ಒಲೆ. ಎಲೆಯ ಅಂಚು ಕಪ್ಪಾಗಿ ಸುರುಳುತ್ತದೆ, ನಡುವಿನ ಮಿಸೋ ಗುಳುಗುಳು ಅನ್ನುತ್ತದೆ. ಅನ್ನಕ್ಕೆ ಹಾಕಿಕೊಂಡರೆ... ತಲೆಗೆ ರೇಟು ಹಾಕಿದ್ದು ನ್ಯಾಯವೇ ಬಿಡಿ! ರಾತ್ರಿ ಊಟ, ಬೆಳಗಿನ ತಿಂಡಿ ಎರಡೂ ಅದರಲ್ಲೇ ಸೇರಿದೆ. ಸಸ್ಯಾಹಾರಿಗಳು ಮಾತ್ರ ಬುಕ್ ಮಾಡುವಾಗಲೇ ಹೇಳಿ. ತಿಳಿ ಸೂಪು ಅಂತ ನಂಬಬೇಡಿ, ಸಾಮಾನ್ಯವಾಗಿ ಅದಕ್ಕೂ ಒಣಮೀನಿನ ಸಾರ ಬಿದ್ದಿರುತ್ತದೆ.

ಈಗ ರಾತ್ರಿ. ಪಕ್ಕದ ರೂಮಿಗೂ ನಮಗೂ ನಡುವೆ ಇರುವುದು ಕಾಗದ ಅಂಟಿಸಿದ ಜಾರುಬಾಗಿಲು, ಅಷ್ಟೇ. ಬೀಗವೂ ಇಲ್ಲ. ಆ ಕಡೆಯ ಮಹಾನುಭಾವರ ಗೊರಕೆ ಕೇಳಿಸ್ತಾ ಇದೆಯಾ? ವಾಲ್ಯೂಮ್ ನಾನು ಏರಿಸಿಲ್ಲ. ನಾನು ನಕ್ಕಿದ್ದಕ್ಕೆ ಅಕ್ಕ, "ಸುಮ್ನೆ ಮಲಗೇ, ಅವರಿಗೆ ಕೇಳಿಸುತ್ತೆ" ಅಂದಳು. ಕೇಳಿಸಲಿ! ಅವರ ತಲೆಗೂ ನಮ್ಮ ತಲೆಗೂ ಒಂದೇ ರೇಟು, ನಿದ್ದೆ ಮಾತ್ರ ಪೂರ್ತಿ ಅವರದ್ದೇ.

ಬೆಳಗ್ಗೆ ಆಯಿತು, ತಿಂಡಿಗೆ ಏನಿತ್ತು ಅಂತ ವಿಡಿಯೋದಲ್ಲಿ ನೀವೇ ನೋಡಿ. ಕಾರ್ಡ್ ತೆಗೆದುಕೊಳ್ಳುವುದಿಲ್ಲವಂತೆ, ನಗದೇ ಕೊಡಬೇಕು. ಅಕ್ಕ ಬಾಗಿಲಲ್ಲಿ ಕೂತು ಚಿಲ್ಲರೆ ಎಣಿಸ್ತಾ ಇದ್ದಾಳೆ, ಬಸ್ಸಿಗೆ ಹೊತ್ತಾಯಿತು, ಕ್ಯಾಮೆರಾ ಬಂದ್ ಮಾಡು ಅಂತ ಕೂಗ್ತಾ ಇದ್ದಾಳೆ.