ಸೋಂಕು ಹೋದ ಮೇಲೆ ಟಿ ಕೋಶಗಳು ಏನಾಗುತ್ತವೆ?

ಗಂಟಲಿಗೆ ಸೋಂಕು ತಗುಲಿದಾಗ ಕತ್ತಿನ ಪಕ್ಕ ಗಂಟು ಊದಿಕೊಳ್ಳುತ್ತದೆ, ಅಲ್ವಾ? ಅದು ದುಗ್ಧರಸ ಗ್ರಂಥಿ. ಅದರೊಳಗೆ ಟಿ ಕೋಶಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಿರುತ್ತವೆ. ಸೋಂಕು ಹೋದ ಕೆಲವೇ ವಾರಗಳಲ್ಲಿ ಇವುಗಳಲ್ಲಿ ಶೇ 90ರಷ್ಟು ಸತ್ತುಹೋಗುತ್ತವೆ. ಉಳಿದವು ನೆನಪಿನ ಕೋಶಗಳಾಗುತ್ತವೆ.

ಈ ಸಾವಿಗೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಇದಕ್ಕೆ ಆದೇಶ ಬರುವ ದಾರಿಗಳು ಮುಖ್ಯವಾಗಿ ಎರಡು.

[ಅನಿಮೇಷನ್: ಕೋಶದ ಹೊರಪೊರೆ, ಅದರ ಮೇಲೆ ಫಾಸ್]

ಒಂದು ಹೊರಗಿನಿಂದ. ಟಿ ಕೋಶದ ಮೈಮೇಲೆ ಫಾಸ್ ಎಂಬ ಪ್ರೋಟೀನ್ ಇದೆ. ಅದಕ್ಕೆ ಫಾಸ್ ಲೈಗ್ಯಾಂಡ್ ಬಂದು ಅಂಟಿದರೆ, ಕೋಶದೊಳಗೆ ಫ್ಯಾಡ್ ಎಂಬ ಇನ್ನೊಂದು ಪ್ರೋಟೀನ್ ಫಾಸ್‌ನ ಬಾಲಕ್ಕೆ ಸೇರಿಕೊಳ್ಳುತ್ತದೆ. ಅದು ಕ್ಯಾಸ್ಪೇಸ್-8 ಎಂಬ ಕಿಣ್ವವನ್ನು ಕರೆತರುತ್ತದೆ. ಕ್ಯಾಸ್ಪೇಸ್-8, ಕ್ಯಾಸ್ಪೇಸ್-3 ಅನ್ನು ಎಬ್ಬಿಸುತ್ತದೆ. ಕೋಶದ ಪ್ರೋಟೀನ್‌ಗಳನ್ನು ಕತ್ತರಿಸಿ ಹಾಕುವುದು ಇದೇ.

[ಅನಿಮೇಷನ್: ಮೈಟೊಕಾಂಡ್ರಿಯ]

ಇನ್ನೊಂದು ಒಳಗಿನಿಂದ. ಕೋಶಕ್ಕೆ ಬದುಕು ಎನ್ನುವ ಸಂಕೇತಗಳು, ಉದಾಹರಣೆಗೆ ಇಂಟರ್‌ಲ್ಯೂಕಿನ್-2, ಕಡಿಮೆಯಾದಾಗ ಬಿಮ್ ಎಂಬ ಪ್ರೋಟೀನ್‌ನ ಕೈ ಮೇಲಾಗುತ್ತದೆ. ಅದು ಕೋಶವನ್ನು ಕಾಯುವ ಬಿಸಿಎಲ್-2 ಅನ್ನು ಹಿಡಿದು ಕಟ್ಟಿಹಾಕುತ್ತದೆ. ತಡೆಯುವವರಿಲ್ಲದೆ ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೋಟೀನ್‌ಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತೂತು ಕೊರೆಯುತ್ತವೆ. ಅದರೊಳಗಿದ್ದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಗೆ ಸೋರುತ್ತದೆ, ಕ್ಯಾಸ್ಪೇಸ್-9 ಎದ್ದೇಳುತ್ತದೆ, ಮತ್ತೆ ಅದೇ ಕ್ಯಾಸ್ಪೇಸ್-3.

ಫಾಸ್ ಬಗ್ಗೆ ಮಾತು ಜಾಸ್ತಿ. ಆದರೆ ಬಂದು ಹೋಗುವ ಸೋಂಕಿನ ನಂತರದ ಸಾವಿನಲ್ಲಿ ಹೆಚ್ಚಿನ ಪಾಲು ಬಿಮ್‌ನದು. ಫಾಸ್ ಮುಖ್ಯವಾಗುವುದು ಪದೇ ಪದೇ ಕೆರಳುವ ಕೋಶಗಳಲ್ಲಿ, ಅಂದರೆ ನಮ್ಮದೇ ದೇಹದ ಮೇಲೆ ತಿರುಗಿಬೀಳಬಹುದಾದ ಕೋಶಗಳಲ್ಲಿ. ಫಾಸ್ ಜೀನ್ ಕೆಟ್ಟ ಮಕ್ಕಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎಎಲ್‌ಪಿಎಸ್ ಎಂಬ ಈ ಅಪರೂಪದ ಕಾಯಿಲೆಯಲ್ಲಿ ದುಗ್ಧರಸ ಗ್ರಂಥಿಗಳು, ಗುಲ್ಮ ಊದಿದ್ದು ಇಳಿಯುವುದೇ ಇಲ್ಲ. ರಕ್ತಕಣಗಳನ್ನು ದೇಹವೇ ನಾಶ ಮಾಡತೊಡಗುತ್ತದೆ.

ಬಿಸಿಎಲ್-2 ಅತಿಯಾದರೆ? ಫಾಲಿಕ್ಯುಲರ್ ಲಿಂಫೋಮ ಎಂಬ ಕ್ಯಾನ್ಸರ್‌ನಲ್ಲಿ ಆಗುವುದು ಅದೇ. 14 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ, ಬಿ ಕೋಶ (ಇದೂ ಒಂದು ಬಗೆಯ ಬಿಳಿ ರಕ್ತಕಣ) ಬಿಸಿಎಲ್-2 ಅನ್ನು ಸುಮ್ನೆ ತಯಾರಿಸುತ್ತಲೇ ಇರುತ್ತದೆ.

ಬಿಸಿಎಲ್-2 ಅನ್ನೇ ಕಟ್ಟಿಹಾಕುವ ಮಾತ್ರೆಯೂ ಇದೆ, ವೆನೆಟೊಕ್ಲಾಕ್ಸ್. ಬಿ ಕೋಶದ್ದೇ ಇನ್ನೊಂದು ಕ್ಯಾನ್ಸರ್ ಆದ ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಕ್ಕೆ 2016ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಇದು ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಎಂದರೆ, ಒಟ್ಟಿಗೆ ಸಾಯುವ ಕೋಶಗಳಿಂದ ಹೊರಬಿದ್ದದ್ದೇ ಮೂತ್ರಪಿಂಡಕ್ಕೆ ಅಪಾಯ ತರಬಹುದು. ಅದಕ್ಕೇ ಈ ಕಾಯಿಲೆಯಲ್ಲಿ 20 ಮಿಲಿಗ್ರಾಂನಿಂದ ಶುರುಮಾಡಿ, 5 ವಾರಗಳಲ್ಲಿ ಹಂತ ಹಂತವಾಗಿ 400ಕ್ಕೆ ಏರಿಸುತ್ತಾರೆ.