ಅಮ್ಮ ಸುತ್ತಿದ ಬಟ್ಟೆ

ಎಲ್ಲರಿಗೂ ನಮಸ್ಕಾರ. ಕುಲುಮೆ, ಉಕ್ಕು, ಹದ ಕೊಡುವುದು, ಇದೆಲ್ಲ ಬೆಳಗಿನಿಂದ ಸಾಕಷ್ಟು ಕೇಳಿದ್ದೀರಿ. ನಾನು ಅಲಗಿನ ಮಾತು ಎತ್ತುವುದಿಲ್ಲ. ಚಾಕು ಬಳಸುವವರ ಅಂಗೈಗೆ ದಿನವೂ ತಾಗುವುದು ಮರದ ಹಿಡಿ. ಅಲಗಿಗೆ ನಾಲ್ಕು ದಿನ ಕೊಡುವ ನಾವು ಆ ಹಿಡಿಗೆ ಅರ್ಧ ಗಂಟೆ ಕೊಡುತ್ತೇವೆ. ನನಗೆ ಇದು ನಿಜಕ್ಕೂ ಸಂಕಟ.

ನಾನು ಮೊದಲು ಮಾಡಿದ ಚಾಕು ಅಮ್ಮನಿಗೆ ಕೊಟ್ಟೆ. ಹಿಡಿ ಗುಂಡಗೆ, ತೆಳ್ಳಗೆ, ಪಳಪಳ ಹೊಳೆಯುತ್ತಿತ್ತು. ಎರಡು ವಾರ ಬಿಟ್ಟು ನೋಡಿದರೆ ಅಮ್ಮ ಅದಕ್ಕೆ ಹಳೇ ಬಟ್ಟೆ ಸುತ್ತಿ ದಾರ ಕಟ್ಟಿದ್ದಾಳೆ. ಯಾಕಮ್ಮ ಅಂದೆ. "ಒದ್ದೆ ಕೈಯಲ್ಲಿ ತಿರುಗುತ್ತೆ ಕಣೋ. ಬಿಗಿಯಾಗಿ ಹಿಡಿದ್ರೆ ಬೆರಳ ಗಂಟು ನೋಯುತ್ತೆ" ಅಂದಳು. ಬಟ್ಟೆ ಬಿಚ್ಚಲು ಹೋದವನು ಹಾಗೇ ನಿಂತೆ. ಸುತ್ತು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಅಂಗೈ ಗುಳಿ ಬರುವ ಜಾಗದಲ್ಲಿ ಜಾಸ್ತಿ, ತೋರುಬೆರಳ ಹತ್ತಿರ ಕಮ್ಮಿ. ತನಗೆ ಎಂಥ ಹಿಡಿ ಬೇಕು ಅಂತ ಅಮ್ಮನ ಕೈ ಅಲ್ಲಿ ಬರೆದಿಟ್ಟಿತ್ತು. ಆ ಬಟ್ಟೆಯ ಮೇಲೇ ಅಳತೆ ತೆಗೆದು ಹೊಸ ಹಿಡಿ ಮಾಡಿದೆ.

ಅದಕ್ಕೇ ಹೇಳುತ್ತೇನೆ, ಕೈಯನ್ನು ಕೇಳಿ. ಗುಂಡು ಹಿಡಿ ಬೇಡ. ಅಡ್ಡ ಕೊಯ್ದರೆ ಮೊಟ್ಟೆಯ ಆಕಾರ ಕಾಣಬೇಕು. ಅಲಗಿನ ಬೆನ್ನಿನ ಕಡೆ ಅಗಲ, ಹರಿತ ಇರುವ ಬಾಯಿಯ ಕಡೆ ಕಿರಿದು. ಆಗ ಕಣ್ಣು ಮುಚ್ಚಿದ್ದರೂ ಬಾಯಿ ಯಾವ ಕಡೆ ಇದೆ ಅಂತ ಬೆರಳಿಗೆ ಗೊತ್ತಾಗುತ್ತದೆ.

ಕೈಯನ್ನು ಕೇಳುವುದು ಹೇಗೆ? ಅಂಗೈಗೆ ಇದ್ದಿಲ ಪುಡಿ ಸವರಿ, ಕಪ್ಪು ಮರವಾದರೆ ಸೀಮೆಸುಣ್ಣ. ಹಿಡಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಿ. ಗುರುತು ಎಲ್ಲಿ ದಟ್ಟವಾಗಿ ಕೂತಿದೆಯೋ ಅಲ್ಲಿ ಮರ ಕೈಯನ್ನು ಒತ್ತುತ್ತಿದೆ. ಆ ಜಾಗಕ್ಕೆ ಮಾತ್ರ ಅರದಿಂದ ಎರಡು ಎಳೆತ. ಮತ್ತೆ ಸವರಿ, ಮತ್ತೆ ಹಿಡಿಯಿರಿ. ನಾಲ್ಕೈದು ಸಲಕ್ಕೆ ಗುರುತು ತೆಳ್ಳಗೆ ಎಲ್ಲ ಕಡೆ ಹರಡುತ್ತದೆ. ಹಾಂ, ಇದಕ್ಕೆ ಮುಂಚೆ ಅಲಗಿಗೆ ದಪ್ಪನೆ ಟೇಪ್ ಸುತ್ತಿರಬೇಕು. ಮೂಗಿಗೆ ಮಾಸ್ಕ್ ಇರಲಿ. ಬೀಟೆ ಮರದ ಧೂಳು ಕೆಲವರ ಉಸಿರಿಗೂ ಚರ್ಮಕ್ಕೂ ಆಗುವುದಿಲ್ಲ.

ಚೀಟಿ ಬಂತು, ಇನ್ನು ಐದೇ ನಿಮಿಷ ಅಂತೆ. ಬೇಗ ಹೇಳುತ್ತೇನೆ. ಮರದ ಎಳೆ ಹಿಡಿಯ ಉದ್ದಕ್ಕೇ ಓಡಬೇಕು, ಅಡ್ಡ ಇದ್ದರೆ ಮುರಿಯುತ್ತದೆ. ಹಸಿ ಮರ ಬೇಡವೇ ಬೇಡ. ಒಣಗುತ್ತಾ ಅದು ಅಡ್ಡಕ್ಕೆ ಕುಗ್ಗುತ್ತದೆ, ಹಿಡಿಯೊಳಗಿನ ಉಕ್ಕು ಕುಗ್ಗುವುದಿಲ್ಲ, ಅದರ ಅಂಚು ಎದ್ದು ಕೈಗೆ ಚುಚ್ಚುತ್ತದೆ. ತೇಗದಲ್ಲಿ ಎಣ್ಣೆ ಇರುತ್ತದೆ, ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸಿ. ಸ್ಯಾಂಡ್‌ಪೇಪರ್ ಒರಟಿನಿಂದ ನಯಕ್ಕೆ, 80, 120, 220 ನಂಬರ್. ಆಮೇಲೆ ಒದ್ದೆ ಬಟ್ಟೆ ಸವರಿ, ಒಣಗಿ ನಾರು ಎದ್ದ ಮೇಲೆ ಇನ್ನೊಮ್ಮೆ ಉಜ್ಜಿ.

ಕೊನೆಗೆ ಹಿಡಿಗೆ ಅಗಸೆ ಎಣ್ಣೆ ಹಚ್ಚಿದರೆ, ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಅಮ್ಮನ ಎರಡೂ ಹಿಡಿ ಆ ಮೇಜಿನ ಮೇಲಿವೆ. ಹಳೆಯದಕ್ಕೆ ಬಟ್ಟೆ ಇನ್ನೂ ಹಾಗೇ ಇದೆ. ಅಲಗಿಗೆ ಟೇಪ್ ಸುತ್ತಿದ್ದೇನೆ. ಹೋಗುವ ಮುಂಚೆ ಕಣ್ಣು ಮುಚ್ಚಿ ಒಂದೊಂದನ್ನೂ ಹಿಡಿದು ನೋಡಿ.