ಕೆಂಪು ಹೋಯಿತು, ಮಸುಕು ಉಳಿಯಿತು

ಈ ದೃಶ್ಯವನ್ನು ತೆಗೆದದ್ದು ಕಳೆದ ಮಳೆಗಾಲದಲ್ಲಿ, ಬಚ್ಚಲುಮನೆಯ ಕನ್ನಡಿಯ ಮುಂದೆ. ಕಣ್ಣು ಕೆಂಪಾಗಿ ಮೂರನೆಯ ದಿನ. ಬೆಳಿಗ್ಗೆ ಗೀಜು ಕಟ್ಟಿ ಎಡಗಣ್ಣಿನ ರೆಪ್ಪೆಗಳು ಅಂಟಿಕೊಂಡಿದ್ದವು. ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಬಿಡಿಸಿಕೊಂಡೆ. ಕಿವಿಯ ಮುಂದೆ ಕಡಲೆ ಕಾಳಿನಷ್ಟು ಗಂಟು, ಮುಟ್ಟಿದರೆ ನೋವು. ಇಷ್ಟಾದರೂ ಕ್ಯಾಮೆರಾ ಹಿಡಿಯುವ ಬುದ್ಧಿ ಇತ್ತು ನೋಡಿ, ಕಣ್ಣು ಮುಟ್ಟಿದ ಕೈ ತೊಳೆಯುವ ಬುದ್ಧಿ ಇರಲಿಲ್ಲ. ಎರಡು ದಿನಕ್ಕೆ ಬಲಗಣ್ಣಿಗೂ ಬಂತು.

ನಮ್ಮಲ್ಲಿ ಇದನ್ನು ಮದ್ರಾಸ್ ಐ ಎನ್ನುತ್ತಾರೆ. ಪಾಪ, ಆ ಊರಿಗೆ ಈ ಹೆಸರು ಅಂಟಿಕೊಂಡೇ ಬಿಟ್ಟಿದೆ. ಮದ್ರಾಸಿನ ಎಗ್ಮೋರಿನ ಕಣ್ಣಾಸ್ಪತ್ರೆಯಲ್ಲಿದ್ದ ಕರ್ಕ್‌ಪ್ಯಾಟ್ರಿಕ್ ಎಂಬ ವೈದ್ಯರು ಅಲ್ಲಿ ಹಬ್ಬಿದ ಈ ಬೇನೆಯ ಬಗ್ಗೆ 1920ರಲ್ಲಿ ಲೇಖನ ಬರೆದರು. ಅದರ ಶೀರ್ಷಿಕೆಯಲ್ಲಿ ಕೆಂಪಿನ ಮಾತೇ ಇಲ್ಲ. ಇರುವುದು ಕಪ್ಪುಗುಡ್ಡೆಯ ಮುಂದಿನ ಗಾಜಿನಂಥ ಕಾರ್ನಿಯಾದ ಮೇಲೆ ಮೂಡುವ ಚುಕ್ಕೆಗಳ ಮಾತು. ಅದರ ಅರ್ಥ ನನಗಾದದ್ದು ಆಮೇಲೆ.

ಅಮ್ಮ ನಂದಿಬಟ್ಟಲು ಹೂವು ತಂದಳು. ಬೇಡವೆಂದು ಜಾಣನಂತೆ ಹೇಳಿ, ನಾನು ಮಾಡಿದ್ದು ಅದಕ್ಕಿಂತ ದೊಡ್ಡ ದಡ್ಡತನ. ಅಪ್ಪನ ಪೊರೆ ಆಪರೇಷನ್ ಆದಾಗ ಉಳಿದ ಹನಿ ಔಷಧಿ ಫ್ರಿಜ್ಜಿನ ಬಾಗಿಲಲ್ಲಿ ಇತ್ತು. ಅದನ್ನೇ ಹಾಕಿಕೊಂಡೆ. ಮರುದಿನ ಕೆಂಪು ಅರ್ಧಕ್ಕರ್ಧ ಇಳಿಯಿತು! ಔಷಧಿ ಹಿಡಿಯಿತೆಂದು ಬೀಗಿದೆ.

ಕಣ್ಣಿನ ಡಾಕ್ಟರು ಬಾಟಲಿಯನ್ನು ತಿರುಗಿಸಿ ನೋಡಿದರು.

"ಇದನ್ನು ಯಾರು ಬರೆದುಕೊಟ್ಟರು?"

"ಅಪ್ಪನದು, ಮೇಡಂ."

"ಇದರಲ್ಲಿ ಸ್ಟೀರಾಯ್ಡ್ ಇದೆ, ಉರಿಯೂತ ಇಳಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ನಿಮ್ಮ ಕಣ್ಣಿನಲ್ಲಿ ಇರುವುದು ಹರ್ಪಿಸ್ ವೈರಸ್ ಆಗಿದ್ದರೆ?"

ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯೊಂದನ್ನು ತೇವ ಮಾಡಿ ಕೆಳರೆಪ್ಪೆಯ ಒಳಗೆ ತಾಗಿಸಿದರು. ಕಣ್ಣು ನೋಡುವ ಯಂತ್ರಕ್ಕೆ ಗದ್ದ ಊರಿ, ಹಣೆ ಒತ್ತಿ ಕುಳಿತೆ. ನೀಲಿ ಬೆಳಕು. ಕಾರ್ನಿಯಾದ ಮೇಲೆ ಗಾಯವಿದ್ದರೆ ಪಟ್ಟಿಯ ಬಣ್ಣ ಅಲ್ಲಿ ಹಿಡಿದು ಆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಹರ್ಪಿಸ್ ಆದರೆ ಮರದ ಕೊಂಬೆಯಂತೆ ಕವಲೊಡೆದಿರುತ್ತದೆ. ಅಂಥ ಹುಣ್ಣಿಗೆ ಬರಿಯ ಸ್ಟೀರಾಯ್ಡ್ ಬಿದ್ದರೆ ಅದು ಆಳಕ್ಕೆ ಇಳಿದು ಕಣ್ಣನ್ನೇ ಕೆಡಿಸಬಹುದು. ನನಗೆ ಕೊಂಬೆ ಇರಲಿಲ್ಲ. ಅದೃಷ್ಟ, ಅಷ್ಟೇ.

ಇದ್ದದ್ದು ಅಡಿನೋವೈರಸ್. ಬಿಳಿಗುಡ್ಡೆಯ ಮೇಲೂ ರೆಪ್ಪೆಯ ಒಳಗೂ ಹಾಸಿರುವ ತೆಳುಪೊರೆಯ ಜೊತೆಗೆ, ಕಾರ್ನಿಯಾಕ್ಕೂ ಉರಿಯೂತ. ಕಾರ್ನಿಯಾ ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ರಕ್ತನಾಳವಿಲ್ಲ, ನರಗಳಂತೂ ತುಂಬಿವೆ. ಮರಳು ಬಿದ್ದಂತೆ ಚುಚ್ಚುವುದು, ಬೆಳಕಿಗೆ ಕಣ್ಣು ಬಿಡಲಾಗದಿರುವುದು ಅದಕ್ಕೇ. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ತಣ್ಣನೆಯ ಬಟ್ಟೆ, ಕೃತಕ ಕಣ್ಣೀರಿನ ಹನಿ, ಎರಡು ವಾರ ಯಾರ ಹತ್ತಿರವೂ ಸುಳಿಯದಿರುವುದು: ಚೀಟಿಯಲ್ಲಿ ಇದ್ದದ್ದು ಇಷ್ಟೇ. ನೋವು ಜೋರಾದರೆ, ದೃಷ್ಟಿ ಮಂಕಾದರೆ ಅಂದೇ ಬರಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕಣ್ಣು ಕೆಂಪಾದ ಕೂಡಲೇ ಲೆನ್ಸ್ ತೆಗೆದು ತೋರಿಸಿಕೊಳ್ಳಬೇಕಂತೆ, ಕಾಯುವ ಹಾಗಿಲ್ಲ.

ಮನೆಯಲ್ಲಿ ಎಲ್ಲರೂ ನನ್ನ ಕಣ್ಣು ತಪ್ಪಿಸಿ ಓಡಾಡಿದರು. ನೋಡಿದರೆ ಹರಡುವುದಿಲ್ಲ, ಹರಡುವುದು ಟವೆಲ್, ದಿಂಬು, ಬಾಗಿಲ ಚಿಲಕ, ಮೊಬೈಲ್‌ಗಳಿಂದ. ಕಪ್ಪು ಕನ್ನಡಕ ನನಗೆ ಬಿಸಿಲು ತಡೆಯಿತು, ಅವರಿಗೆ ರೋಗವನ್ನಲ್ಲ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲದ ಕಾರಣ ಸ್ಯಾನಿಟೈಸರಿಗೆ ಸುಲಭಕ್ಕೆ ಸಾಯುವುದಿಲ್ಲ. ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಬಲ್ಲದು. ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆಯುವುದೇ ಸರಿ.

ಹತ್ತನೆಯ ದಿನಕ್ಕೆ ಕಣ್ಣು ಬೆಳ್ಳಗಾಯಿತು. ಆ ರಾತ್ರಿ ಬೈಕಿನಲ್ಲಿ ಹೊರಟರೆ ಎದುರಿನ ಹೆಡ್‌ಲೈಟುಗಳೆಲ್ಲ ಒದ್ದೆ ಗಾಜಿನ ಮೇಲೆ ಒರೆಸಿದ ಹಾಗೆ ಹರಡಿಕೊಂಡವು. ಗಾಡಿ ಪಕ್ಕಕ್ಕೆ ಹಾಕಿ ಕೂತುಬಿಟ್ಟೆ. ಡಾಕ್ಟರು ಮತ್ತೆ ನೋಡಿ, ಕಾರ್ನಿಯಾದಲ್ಲಿ ಬೂದು ಚುಕ್ಕೆಗಳಿವೆ ಎಂದರು. ವೈರಸ್ ಬಿಟ್ಟುಹೋದ ಚೂರುಗಳ ಮೇಲೆ ನಮ್ಮ ದೇಹವೇ ಹೂಡುವ ಜಗಳವಂತೆ ಅದು. ಸ್ಟೀರಾಯ್ಡ್ ಹಾಕಿದರೆ ಚುಕ್ಕೆ ಮಾಯವಾಗುತ್ತದೆ, ನಿಲ್ಲಿಸಿದರೆ ಹಲವರಿಗೆ ಮರಳಿ ಬರುತ್ತದೆ. ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ. "ಓದಲು ಬರೆಯಲು ಆಗುತ್ತಿದೆಯಲ್ಲ? ಕಾಯೋಣ," ಎಂದರು. ನಾಲ್ಕು ತಿಂಗಳು ಕಾದೆ.

ಈಗ ಕಾಣುತ್ತಿರುವುದು ನಿನ್ನೆ ರಾತ್ರಿ ತೆಗೆದ ನಮ್ಮ ಬೀದಿ. ದೀಪಗಳು ಒಂದೊಂದೂ ಗುಂಡಗೆ, ತಮ್ಮ ತಮ್ಮ ಜಾಗದಲ್ಲಿವೆ. ಫ್ರಿಜ್ಜಿನ ಬಾಗಿಲಲ್ಲಿ ಆ ಬಾಟಲಿ ಇದ್ದ ಕಡೆ ಅಮ್ಮ ನಿಂಬೆಹಣ್ಣು ಇಟ್ಟಿದ್ದಾಳೆ.